ವಾಪಸ್ ಬಂದ ಹನ್ನೊಂದು ಮಾತ್ರೆ

ಅಪ್ಪಾ,

ಇವತ್ತು ಡ್ರಗ್ ಇನ್‌ಸ್ಪೆಕ್ಟರ್ ನಮ್ಮ ಆಸ್ಪತ್ರೆಗೆ ಬಂದಿದ್ರು. ನೋವಿಗೆ ಕೊಡೋ ಮಾರ್ಫಿನ್ ಇಡೋ ಬೀರುವಿನ ಎರಡೂ ಬೀಗ ತೆಗೆಸಿದ್ರು, ಮಾತ್ರೆ ಎಣಿಸಿದ್ರು, ರಿಜಿಸ್ಟರಿನ ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದ್ರು. ಒಂದು ಮಾತ್ರೆ ಹೆಚ್ಚುಕಮ್ಮಿ ಆದ್ರೂ ನನ್ನ ಲೈಸೆನ್ಸಿಗೆ ಕುತ್ತು. ಈ ಹೆದರಿಕೆಯೂ ಸಾಕಾಗಿಹೋಗಿದೆ.

ಬೆರಳು ನಿನ್ನ ಹೆಸರಿನ ಹತ್ತಿರ ನಿಂತಿತು. "ರೋಗಿ ತೀರಿಕೊಂಡ ಮೇಲೆ ಉಳಿದ ಹನ್ನೊಂದು ಮಾತ್ರೆ ವಾಪಸ್ ತಂದುಕೊಟ್ಟಿದ್ದಾರಾ? ಇಂಥ ಮನೆಯವರು ಎಲ್ಲಿ ಸಿಗ್ತಾರೆ ಡಾಕ್ಟ್ರೇ!" ಅಂದ್ರು.

ಆ ಮನೆಯ ಮಗಳು ನಾನೇ ಅಂತ ಹೇಳಲಿಲ್ಲ. ಟೀ ತರಿಸಿದೆ, ಸಹಿ ಹಾಕಿಸಿಕೊಂಡೆ.

ಕೊನೇ ವಾರ ನೀನು ಗೋಡೆ ಕಡೆ ತಿರುಗಿಕೊಂಡು, "ಪುಟ್ಟೀ, ನಿನಗೆ ತೊಂದರೆ ಆಗಲ್ಲ ಅಂದ್ರೆ ಇನ್ನೊಂದು ಮಾತ್ರೆ ಕೊಡ್ತೀಯಾ?" ಅಂತ ಕೇಳಿದ್ದೆ.

ನಾನು ಗಡಿಯಾರ ನೋಡಿ, "ಮುಂದಿನ ಮಾತ್ರೆಗೆ ಇನ್ನೂ ಎರಡು ಗಂಟೆ ಇದೆಯಪ್ಪಾ" ಅಂದಿದ್ದೆ.