ತೋಡಿಟ್ಟ ಕುಣಿ

ಫೆಬ್ರುವರಿ ೧೧, ಬುಧವಾರ

ಆ ಡಾಕ್ಟರನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ. ಸೋಮವಾರ ನವನಗರದ ದವಾಖಾನೆಯಲ್ಲಿ ಅವ್ವನನ್ನು ನೋಡಿ, ಮೊಬೈಲಿನಿಂದ ತಲೆಯನ್ನೂ ಎತ್ತದೆ ಹೇಳಿದ: “ಈ ರಾತ್ರಿ ದಾಟೂದಿಲ್ಲ. ಮನಿಗೆ ಒಯ್ರಿ, ಮಂದಿನ್ನ ಕರೆಸ್ರಿ.”

ಅಣ್ಣ ಸಂಗಯ್ಯ ಕರೆಸಿದ. ಇಳಕಲ್ಲಿನ ಬೀಗರು ಹಾರ ಹಿಡಿದುಕೊಂಡೇ ಬಂದರು. ಬಾದಾಮಿಯ ನಮ್ಮ ಹೊಲದ ನೆಲ ಬರೀ ಕಲ್ಲು, ಆಮೇಲೆ ತೋಡಲು ಹೊತ್ತು ಸಾಲದೆಂದು ಅಣ್ಣ ಅಪ್ಪನ ಸಮಾಧಿಯ ಪಕ್ಕ ಕುಣಿಯನ್ನೂ ತೋಡಿಸಿಟ್ಟ.

ಮಂಗಳವಾರ ಬೆಳಿಗ್ಗೆ ಅವ್ವ ಎದ್ದು ಕೂತು ಚಹಾ ಕೇಳಿದಳು. ಅಂಗಳದ ತುಂಬ ಮಂದಿಯನ್ನು ಕಂಡು, “ಯಾರ ಸತ್ತಾರ?” ಅಂದಳು. ಬೀಗರು ಹಾರವನ್ನು ಬೆನ್ನ ಹಿಂದೆ ಸರಿಸಿದರು.

ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದಂತೆ. ಅಣ್ಣ ಅವ್ವನ ಬೀಸುಕಲ್ಲಿಗೆ ವಿಭೂತಿ ಹಚ್ಚಿ, ಅದನ್ನೇ ಒಳಗಿಟ್ಟು ಮಣ್ಣು ಎಳೆಸಿದ.

ಇವತ್ತು ಅವ್ವನ ಕೈ ಹಿಡಿದು ಡಾಕ್ಟರನ ಎದುರು ನಡೆಸಿಕೊಂಡೇ ಹೋದೆ. ತಪ್ಪಾಯಿತೆಂಬ ಒಂದು ಮಾತಿಲ್ಲ. ನಗುತ್ತಾನೆ, ನಾಚಿಕೆಗೇಡಿ! “ಒಮ್ಮೊಮ್ಮೆ ಹಿಂಗೂ ಆಗ್ತದ್ರಿ. ಇನ್ನ ಹತ್ತ ವರ್ಷ ಏನೂ ಆಗೂದಿಲ್ಲ, ನಾ ಹೇಳ್ತೇನಿ.”

ಅಲ್ಲಿಯವರೆಗೆ ಬರೀ ಸಿಟ್ಟಿತ್ತು. ಅವನು ಹಾಗೆ ಹೇಳಿದ ಮೇಲೆ ಹೆದರಿಕೆ ಹೊಕ್ಕಿದೆ. ಅವ್ವನ ಮಗ್ಗುಲಲ್ಲೇ ಹಾಸಿಕೊಂಡಿದ್ದೇನೆ. ನಾಲ್ಕು ಸಾಲು ಬರೆಯುವುದು, ಪೆನ್ನು ನಿಲ್ಲಿಸಿ ಅವಳ ಉಸಿರು ಕೇಳುವುದು, ಮತ್ತೆ—