ಇಬ್ಬರೂ ‘ನಮ್ಮದಲ್ಲ’ ಅಂದ ಚರ್ಚಿನ ಬೀಗ

ಹಳೆಯ ಕಟ್ಟಡಗಳನ್ನು ಉಳಿಸಲೆಂದೇ ಅವಕ್ಕೆ ಬೀಗ ಜಡಿಯುವ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿಯನ್ನು ಇನ್ನೂ ಮಣ್ಣು ಮಾಡಿಲ್ಲ. ಜನವರಿಯಲ್ಲಿ ತೀರಿಕೊಂಡ ಲೂರ್ದಮ್ಮ ಸ್ಮಶಾನದ ಕಲ್ಲುಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಾಳೆ. ಅದು ನಿಮ್ಮ ತಪ್ಪಲ್ಲ. ಚಳಿಗಾಲದಲ್ಲಿ ಈ ಸ್ಮಶಾನದಲ್ಲಿ ಗುಂಡಿ ತೋಡುವುದಿಲ್ಲ, ಚಳಿಗೆ ಹೆಪ್ಪುಗಟ್ಟಿದ ನೆಲ ಸಡಿಲಾಗುವ ತನಕ ಸತ್ತವರೂ ಕಾಯಬೇಕು. ಈಗ ಸ್ನೋ ಕರಗುತ್ತಿದೆ. ಆದರೆ ಅವಳ ಕೊನೆಯ ಪ್ರಾರ್ಥನೆ, ಬಲಿಪೂಜೆ, ನಡೆಯಬೇಕಾದ ಚರ್ಚಿನ ಬಾಗಿಲಿಗೆ ನೀವು ಬೀಗ ಹಾಕಿದ್ದೀರಿ. ಇದು ನಿಮ್ಮ ತಪ್ಪು.

ನಾನು ಗದಗ-ಬೆಟಗೇರಿ ಕಡೆಯವನು. ಓದಿದ್ದು ಏಳನೆಯ ಇಯತ್ತೆ, ಕೆಲಸ ಈ ಪರದೇಶದಲ್ಲಿ, ಬ್ರಾಂಪ್ಟನ್ನಿನ ಬ್ರೆಡ್ ಫ್ಯಾಕ್ಟರಿಯಲ್ಲಿ. ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆದ ಈ ಪತ್ರವನ್ನು ಮಗಳು ಕರುಣಾ ಇಂಗ್ಲಿಷಿಗೆ ಇಳಿಸಿ ನಿಮಗೆ ಕಳಿಸುತ್ತಾಳೆ. “ಅಪ್ಪಾ, ಯು ಕಾಂಟ್ ಸೇ ದಟ್ ಟು ದೆಮ್” ಎಂದು ಈಗಾಗಲೇ ಕೆಲವು ಸಾಲು ಹೊಡೆದುಹಾಕಿದ್ದಾಳೆ. ಅವುಗಳಿಂದ ನಿಮ್ಮ ಬಿಪಿ ಏರುತ್ತಿತ್ತು, ಬಿಡಿ.

ಜಾರ್ಜ್‌ಟೌನ್ ದಾಟಿದ ಮೇಲೆ ಹೊಲಗಳ ನಡುವೆ ನಿಂತ ಆ ಕಲ್ಲಿನ ಗಾಥಿಕ್ ಚರ್ಚಿನಲ್ಲಿ ಕಮಾನು ಚೂಪು, ಕಿಟಕಿ ಚೂಪು, ಗೋಪುರವೂ ಚೂಪು. ಚೂಪಲ್ಲದವರು ಒಳಗಿನ ಜನ ಮಾತ್ರ. ಹಿರಿಯರು ಹೇಳುವ ಕಥೆ ಹೀಗಿದೆ. ಕಟ್ಟಿದವರು ಸ್ಕಾಟ್ಲೆಂಡಿನಿಂದ ಬಂದ ಪ್ರೊಟೆಸ್ಟಂಟರು. ಹತ್ತಿರದಲ್ಲೇ ಐರ್ಲೆಂಡಿನ ಕ್ಯಾಥೊಲಿಕರ ಮರದ ಚರ್ಚಿತ್ತು. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ಒಂದು ಚಳಿಗಾಲ ಮರದ ಚರ್ಚು ಸುಟ್ಟುಹೋಯಿತು, ಅದೇ ವಾರ ಕ್ಯಾಥೊಲಿಕರ ಮನೆಯೊಂದರಲ್ಲಿ ಸಾವಾಯಿತು. ಪ್ರೊಟೆಸ್ಟಂಟರು ಬಾಗಿಲು ತೆರೆದರು, ಪೆಟ್ಟಿಗೆಗೆ ತಾವೇ ಹೆಗಲು ಕೊಟ್ಟು ಒಳಗೆ ತಂದರು. ಅಂದು ಒಳಗೆ ಬಂದವರನ್ನು ಆಮೇಲೆ ಯಾರೂ ಹೊರಗೆ ಕಳಿಸಲಿಲ್ಲ.

ಅಂದಿನಿಂದ ಕ್ಯಾಥೊಲಿಕರು ಸತ್ತರೆ ಪ್ರೊಟೆಸ್ಟಂಟರಾದ ನಾವು ಹೊರುತ್ತೇವೆ, ನಮ್ಮವರು ಸತ್ತರೆ ಅವರು ಹೊರುತ್ತಾರೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಕ್ಯಾಥೊಲಿಕರೇ ತಮ್ಮ ಮಾತೆ ಮರಿಯಳ ಮುಂದೆ ಪರದೆ ಎಳೆಯುತ್ತಾರೆ, ಮೂರ್ತಿಗೆ ಕೈಮುಗಿಯದ ನಮಗೆ ಮುಜುಗರವಾಗದಿರಲೆಂದು. ನಮ್ಮ ಆರಾಧನೆ ಮುಗಿದ ಮೇಲೆ ನಾವೇ ಅದನ್ನು ಸರಿಸುತ್ತೇವೆ, ತಾಯಿಗೆ ಕತ್ತಲಾಗದಿರಲೆಂದು.

ಲೂರ್ದಮ್ಮ ಕನಕಪುರ ಕಡೆಯ ಕ್ಯಾಥೊಲಿಕಳು, ನಾನು ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟನು. ನಮ್ಮ ಮದುವೆಗೆ ಎರಡೂ ಕಡೆಯಿಂದ ಬಂದದ್ದು ಶಾಪ ಮಾತ್ರ. ಈ ಚರ್ಚಿನಲ್ಲಿ ಮೊದಲ ಸಲ ಒಂದೇ ಬೆಂಚಿನಲ್ಲಿ ಕೂತೆವು. ಕಾಯಿಲೆ ಕೈಮೀರಿದಾಗ ಆಸ್ಪತ್ರೆಯಲ್ಲಿ ಹೇಳಿದಳು:

“ರೀ, ನನ್ನ ಹೊರೋದು ನಿಮ್ ಕಡೆಯೋರು ತಾನೆ? ನೀವೇ ಮುಂದ್ಗಡೆ ನಿಂತ್ಕೋಬೇಕು.”

“ನಾ ಗಿಡ್ಡ ಅದೀನಿ ಮಾರಾಯ್ತಿ. ಪೆಟಗಿ ವಾಲತೈತಿ.”

“ಇಷ್ಟ್ ವರ್ಷ ಸಂಸಾರ ವಾಲ್ಕೊಂಡೇ ಬಂತಲ್ಲ, ಬಿದ್ವಾ?”

ನಕ್ಕೆವು. ಅವಳಿಗೆ ಕೆಮ್ಮು ಬಂತು.

ಈಗ ನಿಮ್ಮ ಪ್ರತಾಪಕ್ಕೆ ಬರೋಣ. ಹೋದ ವರ್ಷ ಎಲೆ ಉದುರುವ ಕಾಲಕ್ಕೆ ನಿಮ್ಮ ಕಚೇರಿಯವರೊಬ್ಬರು ಬಂದು, ಎರಡೂ ಸಭೆಯ ಹಿರಿಯರನ್ನು ಒಟ್ಟಿಗೆ ಕೂರಿಸಿ, ಈ ಚರ್ಚು ಯಾರದೆಂದು ಕೇಳಿದರು. ಕ್ಯಾಥೊಲಿಕರ ಪ್ಯಾಟ್ರಿಕ್ ಅಜ್ಜ, “ನಾವು ಬರೇ ಗೆಸ್ಟು, ಅವರದು” ಎಂದರು. ನಮ್ಮ ಮಾರ್ಗರೆಟ್ ಅಜ್ಜಿ, “ಸಾರಿ ಪ್ಯಾಟ್, ಹಾಗನ್ಬೇಡ, ಇದು ನಿಮ್ಮದೇ” ಎಂದರು. ಇನ್ನೊಬ್ಬರ ಎದುರಿಗೆ ‘ನಮ್ಮದು’ ಎನ್ನುವುದನ್ನು ಆ ಚರ್ಚಿನಲ್ಲಿ ಯಾರೂ ಕಲಿತಿಲ್ಲ. ಬೇರೆ ಬೇರೆ ಕೇಳಿದ್ದರೆ ಇಬ್ಬರೂ ಎದೆ ತಟ್ಟಿಕೊಂಡು ನಮ್ಮದೇ ಅನ್ನುತ್ತಿದ್ದರು. ನಿಮ್ಮವರು ಚಹಾ ಕುಡಿದು ಹೋದರು. ಕ್ರಿಸ್‌ಮಸ್ ಮುಗಿಯುತ್ತಲೇ ಬಾಗಿಲಿಗೆ ನೋಟೀಸು ಬಿತ್ತು: ಹಕ್ಕುದಾರರಿಲ್ಲದ ಕಟ್ಟಡ, ತೀರ್ಮಾನವಾಗುವವರೆಗೆ ಪ್ರವೇಶವಿಲ್ಲ.

ಪಂಕ್ತಿಯಲ್ಲಿ ಉಳಿದ ಒಂದೇ ಹೋಳಿಗೆಯನ್ನು ಇಬ್ಬರು ‘ನೀವು ತಗೊಳ್ಳಿ, ನೀವು ತಗೊಳ್ಳಿ’ ಎನ್ನುವಾಗ, ಯಾರಿಗೂ ಬೇಡವೆಂದು ತಟ್ಟೆಯನ್ನೇ ಎತ್ತಿಕೊಂಡು ಹೋಗುವವರನ್ನು ನಮ್ಮೂರಲ್ಲಿ ಅಧಿಕಾರಿ ಎನ್ನುವುದಿಲ್ಲ. ಏನೆನ್ನುತ್ತಾರೆ ಎಂಬುದು ಕರುಣಾ ಹೊಡೆದುಹಾಕಿದ ಸಾಲಿನಲ್ಲಿತ್ತು.

ಎಲ್ಲಕ್ಕೂ ಒಬ್ಬನೇ ಯಜಮಾನ ಇರಲೇಬೇಕೇ ಸ್ವಾಮಿ? ನಮ್ಮ ಮನೆಯ ಮಂಚ ಯಾರದೆಂದು ಹೋದ ವರ್ಷ ಕೇಳಿದ್ದರೆ ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಪೂರ್ತಿ ನನ್ನದು. ಆದರೂ ಅರ್ಧದಲ್ಲೇ ಮಲಗುತ್ತೇನೆ.

ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಒಬ್ಬ ಹುಡುಗಿ ಬಹಳ ಮೃದುವಾಗಿ, “ಬೇರೆ ಚರ್ಚಲ್ಲಿ ಮಾಡಬಹುದಲ್ಲ ಸರ್?” ಎಂದಳು. ಮಾಡಬಹುದಮ್ಮ. ನಾನು ಮದುವೆಯನ್ನೂ ಬೇರೆಯವಳ ಜೊತೆ ಮಾಡಿಕೊಳ್ಳಬಹುದಿತ್ತು, ಮನೆಯವರು ಅದನ್ನೇ ಹೇಳಿದ್ದರು.

ಗೋಡೆಗೆ ಹಾಕಲು ನೀವು ಬರೆಸಿದ ಚರಿತ್ರೆಯನ್ನೂ ಕರುಣಾ ಓದಿ ಹೇಳಿದಳು. ‘ಪ್ರೊಟೆಸ್ಟಂಟರು ಕಟ್ಟಿದ ಚರ್ಚು, ಕೆಲಕಾಲ ಇತರರೂ ಬಳಸಿದರು.’ ಆ ‘ಇತರರು’ ಕಲ್ಲುಕೋಣೆಯಲ್ಲಿದ್ದಾರೆ, ಮಾನ್ಯರೇ. ನನ್ನ ಅಡುಗೆಗೆ ಉಪ್ಪು ಜಾಸ್ತಿ ಎನ್ನುತ್ತಿದ್ದರು. ಆ ಸಾಲನ್ನು ತೆಗೆದು, ಇಬ್ಬರೂ ಸೇರಿ ಉಳಿಸಿಕೊಂಡ ಚರ್ಚು ಎಂದು ಬರೆಯಿರಿ.

ಏಪ್ರಿಲ್ ಕೊನೆಗೆ ಗುಂಡಿ ತೋಡುತ್ತಾರೆ. ಅಷ್ಟರೊಳಗೆ ಬೀಗ ತೆಗೆಯಿರಿ. ತೆಗೆಯದಿದ್ದರೂ ಪೆಟ್ಟಿಗೆಯನ್ನು ಆ ಬಾಗಿಲಿಗೇ ತರುತ್ತೇವೆ, ಮೆಟ್ಟಿಲ ಮೇಲೆ ಇಳಿಸಿಕೊಂಡು ನಿಲ್ಲುತ್ತೇವೆ. ಎರಡೂ ಸಭೆಯವರು ಬರುತ್ತಾರೆ. ನಿಮ್ಮವರೂ ಬಂದು, ಇದು ಯಾರದೆಂದು ಇನ್ನೊಮ್ಮೆ ಕೇಳಲಿ. ಆವತ್ತು ಯಾರೂ ಮರ್ಯಾದೆಗೆ ‘ಅವರದು’ ಎನ್ನುವುದಿಲ್ಲ.

ಇಂತಿ,
ಅಳುವುದಕ್ಕೂ ನಿಮ್ಮ ಅಪ್ಪಣೆ ಕಾಯುತ್ತಿರುವ
ಹೊನ್ನಪ್ಪ