ಹಲ್ಲುಜ್ಜುವ ಬ್ರಷ್ ಹಂಚಲು ಬರುವ ಅಧಿಕಾರಿಗಳಿಗೆ

ನಮ್ಮ ದ್ವೀಪದ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ವೇಪ್, ಅಂದರೆ ಹಣ್ಣಿನ ಪರಿಮಳದ ನಿಕೋಟಿನ್ ಹಬೆ ಸೇದುವ ಕೊಳವೆ, ಮಾರಲು ತಮ್ಮ ಕಚೇರಿ ಪರವಾನಗಿ ಕೊಟ್ಟಿದೆ. ಅದೇ ಶಾಲೆಯ ಮಕ್ಕಳಿಗೆ ಬ್ರಷ್ ಹಂಚಿ, ಹಲ್ಲಿನ ಮಹತ್ವ ಬೋಧಿಸಲು ತಾವು ಮುಂದಿನ ವಾರ ಮತ್ತೆ ದಯಮಾಡಿಸುತ್ತಿದ್ದೀರಿ. ಎರಡು ಕಾಗದಗಳಿಗೂ ಸಹಿ ಒಂದೇ ಕೈಯದು. ಸಿಹಿ ಹಬೆಯನ್ನೂ ಬ್ರಷ್ಷನ್ನೂ ಒಂದೇ ಬಾಗಿಲಿನಿಂದ ವಿತರಿಸುವ ಆಡಳಿತ ಬೇರೆಲ್ಲಾದರೂ ಉಂಟೋ ಇಲ್ಲವೋ ತಿಳಿಯದು. ನನಗೆ ತಿಳಿದಿರುವುದು ಇಷ್ಟೇ: ನನ್ನ ಮಗಳ ಬಾಯಲ್ಲಿ ಈಗ ಮೇಲಿನ ಮುಂದಿನ ಹಲ್ಲೊಂದು ಇಲ್ಲ.

ಕಳೆದ ವರ್ಷದ ಸಮಾರಂಭ ತಮಗೆ ನೆನಪಿರಬಹುದು. ತಮ್ಮನ್ನು ಸ್ವಾಗತಿಸಲು ಶಾಲೆಯ ಬ್ಯಾಂಡ್ ನಿಂತಿತ್ತು. ನಾವು ಟೋಂಗನ್ನರು ಊಟವಿಲ್ಲದೆ ಹಬ್ಬ ಮಾಡಿಯೇವು, ಬ್ಯಾಂಡ್ ಇಲ್ಲದೆ ಮಾಡಲಾರೆವು. ನಮ್ಮ ಮನೆಯಲ್ಲಂತೂ ನನ್ನ ತಂದೆ, ನಾನು, ಈಗ ನನ್ನ ಮಗಳು ಲೂಪೆ, ಎಲ್ಲರೂ ಊದಿದವರೇ. ಕಾರ್ನೆಟ್ ಎಂಬ ಗಿಡ್ಡ ತುತ್ತೂರಿಯಲ್ಲಿ ಅವಳದು ಶಾಲೆಗೇ ಮೊದಲ ಸ್ಥಾನ. ಆ ದಿನ ಒಬ್ಬಳೇ ಊದಬೇಕಾದ ಭಾಗ ಬಂತು. ಸ್ವರ ಏರುತ್ತಾ ಹೋಗಿ ಮಧ್ಯದಲ್ಲಿ ಒಡೆಯಿತು. ಮತ್ತೆ ಹಿಡಿದಳು, ಮತ್ತೆ ಒಡೆಯಿತು. ತಾವು ವೇದಿಕೆಯ ಮೇಲೆ ನಗುತ್ತಾ, "ಅಭ್ಯಾಸ ಸಾಲದು ಅಂತ ಕಾಣತ್ತೆ" ಅಂದಿರಿ. ಜನ ನಕ್ಕರು.

ನಾನು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ ಚಾಪೆ ಸರಿಮಾಡಿಕೊಂಡು ತಮ್ಮ ಮುಂದೆ ಬಂದು ಕೂತು, "ಕ್ಷಮಿಸಬೇಕು ಸ್ವಾಮಿ, ಈಗಿನ ಮಕ್ಕಳಿಗೆ ಶ್ರದ್ಧೆ ಇಲ್ಲ" ಎಂದೆ. ಲೂಪೆ ನಾಲ್ಕು ಮಾರು ದೂರದಲ್ಲಿದ್ದಳು. ಕೇಳಿಸಿಕೊಂಡಳು. ಅಂಗಿಯ ತೋಳಿಂದ ಬಾಯಿ ಒರೆಸಿಕೊಂಡು, ಸಾಲಿನಲ್ಲಿ ಬಂದು ತಮ್ಮ ಕೈಯಿಂದ ಬ್ರಷ್ ತೆಗೆದುಕೊಂಡು ವಂದಿಸಿದಳು. ಬಿಳಿ ತೋಳಿನ ಮೇಲೆ ರಕ್ತವಿತ್ತು. ತಮಗೆ ಕಾಣಲಿಲ್ಲ, ಸರಿ. ತಮಗೆ ನೂರಾರು ಮಕ್ಕಳು. ನನಗಿರುವುದು ಒಬ್ಬಳೇ ಮಗಳು. ನನಗೂ ಕಾಣಲಿಲ್ಲ.

ಕಂಡವಳು ನನ್ನ ಅಕ್ಕ ಮೆಲೆನೈಟೆ. ನಮ್ಮಲ್ಲಿ ಸೋದರತ್ತೆಯ ಮಾತೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಅದಾದ ಮೇಲೊಂದು ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. ಲೂಪೆ ಕೆಸುವಿನ ಗಡ್ಡೆಯನ್ನು ಬೆರಳಲ್ಲಿ ಹಿಸುಕಿ ತೆಂಗಿನ ಹಾಲಲ್ಲಿ ಅದ್ದಿ ನುಂಗುತ್ತಿದ್ದಳು.

"ಏನೇ ಅದು, ಹಲ್ಲಿಲ್ಲದ ಮುದುಕಿ ತರ ತಿಂತೀಯ?" ಎಂದಳು ಅಕ್ಕ.

"ಹಸಿವಿಲ್ಲ ಅತ್ತೆ."

"ಹಸಿವಿನ ಸುದ್ದಿ ಯಾರು ಕೇಳಿದ್ರು? ಬಾಯಿ ತೆಗಿ."

ತೆಗೆದಳು. ತುಟಿಯ ಒಳಗೆಲ್ಲ ಹುಣ್ಣು. ಮುಂದಿನ ಹಲ್ಲುಗಳ ಬುಡದಲ್ಲಿ ಕಂದು ಗೆರೆ, ಒಂದರ ಮೇಲೆ ಕೀವಿನ ಗುಳ್ಳೆ. ಅಕ್ಕ ನನ್ನ ಕಡೆ ತಿರುಗಿದಳು. "ದಿನವಿಡೀ ಬಸ್ಸು ಓಡಿಸ್ತೀಯ. ಆ ಕನ್ನಡೀಲಿ ಊರೆಲ್ಲ ಕಾಣತ್ತೆ ನಿಂಗೆ, ಮನೇಲಿರೋ ಮಗಳ ಬಾಯಿ ಕಾಣಲ್ವಾ?"

ಹೌದು ಮಾನ್ಯರೇ, ನಾನು ಬಸ್ಸಿನ ಚಾಲಕ. ನಿತ್ಯ ನನ್ನ ಬಸ್ಸು ನಿಲ್ಲುವುದು ಆ ಅಂಗಡಿಯ ಮುಂದೆಯೇ. ಸಮವಸ್ತ್ರದ ಮಕ್ಕಳು ಮುತ್ತಿಕೊಳ್ಳುವುದನ್ನು ಕಂಡು, ಮಿಠಾಯಿ ಕೊಳ್ಳುತ್ತಿವೆ ಎಂದುಕೊಂಡಿದ್ದೆ. ಮನೆಯಲ್ಲಿ ಕಲ್ಲಂಗಡಿ ಹಣ್ಣಿನ ವಾಸನೆ ಬಂದಾಗ, ಮಗಳು ಹೊಸ ತಲೆಯೆಣ್ಣೆ ಹಚ್ಚಿದ್ದಾಳೆಂದು ಸಂತೋಷಪಟ್ಟಿದ್ದೆ. ಇಂಥ ಅಪ್ಪಂದಿರು ಇರುವುದರಿಂದಲೇ ಅಲ್ಲವೇ ತಮ್ಮ ಪರವಾನಗಿ ನಿಶ್ಚಿಂತೆಯಿಂದಿರುವುದು?

ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಬೈಯಲಿಲ್ಲ. "ಪೂರ್ತಿ ವೇಪಿನ ಮೇಲೇ ಹಾಕಲ್ಲ, ಸೋಡಾನೂ ಕುಡೀತಾಳಂತೆ. ಆದ್ರೆ ಈ ಹಬೆ ಬಾಯಿ ಒಣಗಿಸತ್ತೆ. ಬಾಯಿ ಒಣಗಿದ್ರೆ ಸೋಡಾ ಜಾಸ್ತಿ ಬೇಕನ್ಸತ್ತೆ. ಹಲ್ಲನ್ನ ಕಾಯೋದೇ ಎಂಜಲು, ಅದೇ ಕಮ್ಮಿಯಾದ್ರೆ ಹಲ್ಲು ಏನ್ಮಾಡತ್ತೆ? ಇನ್ನು ನಿಕೋಟಿನ್ ಒಸಡಿನ ರಕ್ತ ಕಮ್ಮಿ ಮಾಡತ್ತೆ. ಒಳಗೆ ರೋಗ ಇದ್ರೂ ಮೇಲೆ ಗೊತ್ತಾಗಲ್ಲ" ಎಂದರು. ಹಲ್ಲುಜ್ಜುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ ಲೂಪೆ, "ದಿನಾ ಉಜ್ತೀನಿ ಡಾಕ್ಟ್ರೇ, ಸಾಹೇಬ್ರು ಕೊಟ್ಟ ಬ್ರಷ್ಷಲ್ಲೇ" ಎಂದಳು. ಕೊಂಕಿನಿಂದ ಅಂದದ್ದಲ್ಲ, ನಿಜವನ್ನೇ ಅಂದಳು. ಹಲ್ಲನ್ನು ಉಳಿಸಿಕೊಳ್ಳಲು ಆಗಲಿಲ್ಲ. ಕಾರ್ನೆಟ್ಟಿನ ಬಾಯಿ ಕೂರುವ ಜಾಗವೇ ಅದು. ಈಗ ಊದಿದರೆ ಗಾಳಿ ಹೊರಡುತ್ತದೆ, ಸ್ವರವಲ್ಲ.

ಆಗ ನಾನು ತಮ್ಮ ಕಚೇರಿಗೆ ಹೋಗಿ ದೂರು ಹೇಳಿದೆ. ತಾವು ತಕ್ಷಣ ಕ್ರಮ ಕೈಗೊಂಡಿರಿ; ಆ ಚುರುಕುತನವನ್ನು ಮೆಚ್ಚದಿರಲಾರೆ. ಮಕ್ಕಳ ಚೀಲ ಶೋಧಿಸಿ, ವೇಪ್ ಸಿಕ್ಕವರನ್ನು ಶಾಲೆಯಿಂದ ಹೊರಹಾಕಬೇಕೆಂದು ಆದೇಶ ಹೊರಟಿತು. ಅಂಗಡಿಯ ಸುದ್ದಿಗೆ ಯಾರೂ ಹೋಗಲಿಲ್ಲ. ಮಾರಿದವನು ವ್ಯಾಪಾರಿ, ಕೊಂಡ ಮಗು ಅಪರಾಧಿ! ಈಗ ಯಾವ ಮಗುವೂ ಬಾಯಿ ತೆರೆಯುತ್ತಿಲ್ಲ. ಟ್ರಂಬೋನ್ ಊದುವ ಹುಡುಗಿಯೊಬ್ಬಳು ಊದಿದ ಕೆನ್ನೆಯಲ್ಲೇ ನನ್ನ ಬಸ್ಸು ಹತ್ತುತ್ತಾಳೆ. "ಏನಾಯ್ತಮ್ಮ?" ಅಂದರೆ "ಬಿದ್ದೆ ಮಾಮ" ಅನ್ನುತ್ತಾಳೆ. ನೋವು ಹೇಳಿದರೆ ಶಾಲೆ ಹೋಗುತ್ತದೆ, ಹೇಳದಿದ್ದರೆ ಹಲ್ಲು ಹೋಗುತ್ತದೆ. ಮಕ್ಕಳು ಯಾವುದನ್ನು ಆರಿಸಿಕೊಳ್ಳಬೇಕು, ತಾವೇ ಅಪ್ಪಣೆ ಕೊಡಿಸಿ.

ಲೂಪೆ ವೇಪ್ ಬಿಟ್ಟಿದ್ದಾಳೆ. ಸುಲಭವಾಗಿರಲಿಲ್ಲ, ವಾರಗಟ್ಟಲೆ ಸಿಡುಕಿದಳು, ಅತ್ತಳು, ಒಮ್ಮೆ ತಟ್ಟೆ ಎಸೆದಳು. ಬ್ಯಾಂಡ್ ಮೇಷ್ಟ್ರು ಫೆಲೆಟಿ ಅವಳ ಕೈಗೆ ದೊಡ್ಡ ತಾಳ ಕೊಟ್ಟು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನಾನೊಂದು ದಿನ ಅವಳ ಮುಂದೆ ಕೂತು, ತಮ್ಮ ಮುಂದೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವಳು ಬಾಯಿಗೆ ಅಂಗೈ ಅಡ್ಡ ಹಿಡಿದು, "ಹೋಗ್ಲಿ ಬಿಡಪ್ಪ" ಎಂದಳು. ಅಷ್ಟು ಬೇಗ ಅಂದುಬಿಟ್ಟಳಲ್ಲ, ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ನನ್ನ ಬೇಡಿಕೆ ಹೀಗಿದೆ. ತಾವು ಬರುವ ಮುನ್ನ ಆ ಅಂಗಡಿಯ ಪರವಾನಗಿ ರದ್ದಾಗಬೇಕು. ಮಕ್ಕಳನ್ನು ಹೊರಹಾಕುವ ಆದೇಶ ಹಿಂದಕ್ಕೆ ಹೋಗಬೇಕು. ಬ್ರಷ್ಷಿನ ಪೆಟ್ಟಿಗೆಯ ಬದಲು ಆ ಡಾಕ್ಟರಮ್ಮನನ್ನು ಕರೆತನ್ನಿ. ಬಾಯಿ ತೆರೆದು ತೋರಿಸಿದ ಮಗುವಿಗೆ ಶಿಕ್ಷೆಯಿಲ್ಲ, ವೇಪ್ ಬಿಡಲು ನೆರವುಂಟು ಎಂದು ವೇದಿಕೆಯ ಮೇಲೆ ತಾವೇ ಹೇಳಿ. ಇಷ್ಟಾಗದಿದ್ದರೆ ಬ್ಯಾಂಡ್ ತಮ್ಮ ಸ್ವಾಗತಕ್ಕೆ ನಿಲ್ಲುವುದಿಲ್ಲ. ಮೇಷ್ಟ್ರು ಒಪ್ಪಿದ್ದಾರೆ.

ಈ ಪತ್ರದಲ್ಲಿ ಮಗಳ ಹೆಸರು ಬೇಡವೆಂದೇ ಮೊದಲು ಬರೆದಿದ್ದೆ. ನಾಚಿಕೆ. ಅವಳು ಓದಿ, "ನನ್ನ ಹೆಸ್ರು ಎಲ್ಲಪ್ಪ?" ಎಂದಳು.

"ಊರೆಲ್ಲ ಓದತ್ತೆ ಕಣೇ."

"ಓದ್ಲಿ. ಹೆಸ್ರಿಲ್ದೇ ಹೋದ್ರೆ ಮಿಕ್ಕೋರು ಹೆಂಗೆ ಬಾಯಿ ತೆಗೀತಾರೆ? ಬರಿ."

ಬರೆದಿದ್ದೇನೆ.

ಇಂತಿ, ತಮ್ಮ ಮುಂದೆ ಕೇಳಬಾರದ ಕ್ಷಮೆ ಕೇಳಿದ,
ಲೂಪೆಯ ಅಪ್ಪ